ಭಾನುವಾರದ ಉಚಿತ ಕ್ಲಿನಿಕ್ ಮೂರೇ ತಿಂಗಳಿಗೆ ನಿಲ್ಲಬಾರದು ಅಂದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಉಚಿತ ಕ್ಲಿನಿಕ್ ಶುರು ಮಾಡಿದ್ವಿ, ಮೂರು ತಿಂಗಳಿಗೆ ನಿಂತುಹೋಯ್ತು." ಈ ಮಾತನ್ನು ಬೇರೆ ಬೇರೆ ತಂಡದವರಿಂದ ಎಷ್ಟೋ ಸಲ ಕೇಳಿದ್ದೇನೆ. ಕಾರಣ ವಿಚಾರಿಸಿದರೆ ಎಲ್ಲರ ಕಥೆಯೂ ಒಂದೇ. ಮೊದಲು ಡಾಕ್ಟರ್ ಸಿಕ್ಕರು, ಆಮೇಲೆ ಔಷಧಿ ಬಂತು, ಬ್ಯಾನರ್ ಕಟ್ಟಿದರು, ಜನ ಬಂದರು. ರಿಜಿಸ್ಟರ್ ಹೇಗೆ ಬರೆಯಬೇಕು, ದೊಡ್ಡ ಕಾಯಿಲೆ ಕಂಡರೆ ಎಲ್ಲಿಗೆ ಕಳಿಸಬೇಕು ಅನ್ನೋದು ಕೊನೆಗೆ ನೆನಪಾಯಿತು. ಈ ಕ್ರಮವೇ ತಿರುಗುಮುರುಗು.

ನಮ್ಮದು ಬೆಂಗಳೂರಿನ ಹೊರವಲಯದಲ್ಲಿ, ಕಟ್ಟಡ ಕೆಲಸಗಾರರ ಶೆಡ್‌ಗಳ ಪಕ್ಕ ನಡೆಯುವ ಕ್ಲಿನಿಕ್. ಬರುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರೇ ಜಾಸ್ತಿ. ಅವರಿಗೆ ಬೇಕಾಗಿರುವುದು ಒಂದು ದಿನದ ಶಿಬಿರ ಅಲ್ಲ. ಬಿಪಿ, ಶುಗರ್ ಇರುವವರಿಗೆ ಒಂದು ದಿನ ಮಾತ್ರೆ ಕೊಟ್ಟರೆ ಏನು ಬಂತು? ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಬಂದವರು ಮುಂದಿನ ತಿಂಗಳು ಅದೇ ಚೀಟಿ ಹಿಡಿದು ವಾಪಸ್ ಬರುತ್ತಾರಾ?

ಹಂತ 1: ಡಾಕ್ಟರ್ ಹುಡುಕುವ ಮೊದಲು, ಕಳಿಸುವ ಜಾಗ ಹುಡುಕಿ

ನಿಮ್ಮ ಕ್ಲಿನಿಕ್‌ನಲ್ಲಿ ಎಲ್ಲ ಕಾಯಿಲೆಗೂ ಮದ್ದು ಸಿಗಲ್ಲ. ಎದೆನೋವು, ಗರ್ಭಿಣಿಯ ಬಿಪಿ, ವಾರಗಟ್ಟಲೆ ಕೆಮ್ಮು, ವಾಸಿಯಾಗದ ಕಾಲಿನ ಹುಣ್ಣು ಮೊದಲ ದಿನವೇ ಬಾಗಿಲಿಗೆ ಬರಬಹುದು. ಆಗ "ದೊಡ್ಡಾಸ್ಪತ್ರೆಗೆ ಹೋಗಿ" ಅಂದರೆ ಅವರು ಹೋಗಲ್ಲ. ಯಾವ ಆಸ್ಪತ್ರೆ, ಯಾವ ಬಸ್ಸು, ಎಷ್ಟು ಗಂಟೆಗೆ, ಯಾರನ್ನು ಕೇಳಬೇಕು ಅಂತ ಬರೆದು ಕೊಟ್ಟರೆ ಹೋಗುತ್ತಾರೆ.

ಅದಕ್ಕೆ ಕ್ಲಿನಿಕ್ ತೆರೆಯುವುದಕ್ಕೆ ಒಂದು ತಿಂಗಳು ಮೊದಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ "ನಮ್ಮ ಕ್ಲಿನಿಕ್"ಗೆ ಹೋಗಿ ವೈದ್ಯಾಧಿಕಾರಿಯನ್ನು ಭೇಟಿ ಮಾಡಿ. ಸ್ಪರ್ಧೆಗೆ ಬಂದವರಂತೆ ಹೋಗಬೇಡಿ. "ಕೂಲಿ ಬಿಟ್ಟು ಹಗಲಲ್ಲಿ ನಿಮ್ಮ ಹತ್ರ ಬರೋಕೆ ಆಗದವರನ್ನು ಭಾನುವಾರ ನೋಡಿ, ನಿಮ್ಮ ಕಡೆಗೇ ಕಳಿಸ್ತೀವಿ" ಅಂತ ಹೇಳಿ. ಬಿಪಿ, ಶುಗರ್ ಮಾತ್ರೆ ಯಾವಾಗ ಸಿಗುತ್ತದೆ, ಕಫ ಪರೀಕ್ಷೆ ಎಲ್ಲಿ ಮಾಡುತ್ತಾರೆ, ರಕ್ತ ಪರೀಕ್ಷೆಗೆ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳಿ ಬರೆದುಕೊಳ್ಳಿ. ಆ ಬೀದಿಯ ಆಶಾ ಕಾರ್ಯಕರ್ತೆ ಯಾರು ಅಂತಲೂ ಕೇಳಿ. ಯಾವ ಶೆಡ್‌ನಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಮಗುವಿಗೆ ಲಸಿಕೆ ತಪ್ಪಿದೆ ಅನ್ನೋದು ಆಕೆಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ಇದೆಲ್ಲ ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಆಂಬುಲೆನ್ಸ್‌ಗೆ 108, ಆರೋಗ್ಯ ಸಹಾಯವಾಣಿಗೆ 104 ಮೇಲುಗಡೆಯೇ ಇರಲಿ.

ಹಂತ 2: ಯಾರಿಗೆ ನಿಜವಾಗಿ ವಿಮೆ ಇಲ್ಲ ಅಂತ ತಿಳಿದುಕೊಳ್ಳಿ

"ನಮಗೇನೂ ಇಲ್ಲ ರೀ" ಅನ್ನುವವರಲ್ಲಿ ಕೆಲವರಿಗೆ ಏನೋ ಒಂದು ಇರುತ್ತದೆ, ಗೊತ್ತಿರಲ್ಲ ಅಷ್ಟೇ. ಟೋಕನ್ ಕೊಡುವ ಜಾಗದಲ್ಲೇ ನಾಲ್ಕು ಪ್ರಶ್ನೆ ಕೇಳಿ.

ರೇಷನ್ ಕಾರ್ಡ್ ಬಿಪಿಎಲ್ಲಾ? ಹಾಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಕಾರ್ಡ್ ಯಾದಗಿರಿಯದ್ದಾದರೂ ಬೆಂಗಳೂರಿನಲ್ಲಿ ನಡೆಯುತ್ತದೆ. ಕಾರ್ಡ್ ಊರಲ್ಲೇ ಇದೆ ಅಂದರೆ ಮನೆಯವರಿಂದ ಫೋಟೊ ತರಿಸಿ ನಂಬರ್ ಬರೆದುಕೊಳ್ಳಿ.

ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸನಾ? ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರಬಹುದು. ಸಂಬಳದ ಚೀಟಿಯಲ್ಲಿ ಶೇ 0.75 ಕಡಿತ ಆಗಿದೆಯಾ ನೋಡಿ. ಆಗಿದ್ದರೆ ಹೊರರೋಗಿ ಚಿಕಿತ್ಸೆ, ಔಷಧಿ ಎರಡೂ ಅವರ ಹಕ್ಕು.

ಕಟ್ಟಡ ಕೆಲಸನಾ? ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ, ವಯಸ್ಸು 18ರಿಂದ 60ರ ಒಳಗಿದ್ದರೆ, ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಬೇರೆ ರಾಜ್ಯದವರಾ? ಅವರ ರಾಜ್ಯದ ಆಯುಷ್ಮಾನ್ ಕಾರ್ಡ್ ಇದೆಯಾ ಕೇಳಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಆಯುಷ್ಮಾನ್ ಕಾರ್ಡ್ ಇದ್ದರೂ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ದಿನಾ ನುಂಗುವ ಬಿಪಿ ಮಾತ್ರೆಗೆ ಅಲ್ಲ. ಆದ್ದರಿಂದ ಕಾರ್ಡ್ ಇದೆ ಅಂತ ಯಾರನ್ನೂ ವಾಪಸ್ ಕಳಿಸಬೇಡಿ.

ಹಂತ 3: ಕಾಗದಪತ್ರ

"ಉಚಿತ ಸೇವೆಗೆ ಲೈಸೆನ್ಸ್ ಯಾಕೆ?" ಅಂತ ಸುಮ್ಮನಾಗಿಬಿಡುತ್ತಾರೆ. ದುಡ್ಡು ತಗೊಳ್ಳದಿದ್ದರೂ ಕ್ಲಿನಿಕ್ ಕ್ಲಿನಿಕ್ಕೇ. ಬೇಕಾಗುವುದು ಇಷ್ಟು:

1. ಕೆಪಿಎಂಇ ನೋಂದಣಿ, ಅಂದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಒಮ್ಮೆ ಹೋಗಿ ಏನೇನು ಬೇಕು ಅಂತ ಕೇಳಿಕೊಂಡು ಬಂದರೆ ಅರ್ಧ ಕೆಲಸ ಮುಗಿಯಿತು.
2. ಪ್ರತಿ ವೈದ್ಯರ ಕೌನ್ಸಿಲ್ ನೋಂದಣಿ ಪ್ರಮಾಣಪತ್ರದ ಪ್ರತಿ. ಗುರುತಿನವರು ಅಂತ ಕೇಳದೆ ಬಿಡಬೇಡಿ.
3. ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಹಾಸಿಗೆ ಇಲ್ಲದ ಕ್ಲಿನಿಕ್‌ಗೆ ಇದು ಒಂದೇ ಸಲ. ತ್ಯಾಜ್ಯ ಒಯ್ಯುವ ಸಂಸ್ಥೆಯ ಜೊತೆ ಒಪ್ಪಂದವೂ ಆಗಿರಲಿ.
4. ಜಾಗದ ಮಾಲೀಕರ ಒಪ್ಪಿಗೆ ಪತ್ರ. ಸಮುದಾಯ ಭವನ, ಶಾಲೆ, ದೇವಸ್ಥಾನದ ಕೊಠಡಿ ಯಾವುದೇ ಇರಲಿ, ಬಾಯಿಮಾತಿನಲ್ಲಿ ನಡೆಸಬೇಡಿ. ಮದುವೆ ಸೀಸನ್‌ನಲ್ಲಿ ಸಮುದಾಯ ಭವನ ಸಿಗದೆ ನಾವು ಎರಡು ವಾರ ಬೀದಿಯಲ್ಲಿ ನಿಂತಿದ್ದೇವೆ.

ಹಂತ 4: ಜನ

ಒಬ್ಬರೇ ಡಾಕ್ಟರ್ ಇರುವ ಕ್ಲಿನಿಕ್ ಅವರ ಮಗಳ ಪರೀಕ್ಷೆ ಬಂದ ತಿಂಗಳು ನಿಲ್ಲುತ್ತದೆ. ನಾಲ್ಕು ಜನ ಸಿಗುವವರೆಗೆ ತೆರೆಯಬೇಡಿ. ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಭಾನುವಾರ, ಐದನೇ ಭಾನುವಾರ ಬಂದರೆ ಡಾಕ್ಟರ್‌ಗಳಿಗೆ ರಜೆ. ನಾಲ್ವರೂ ಒಂದೇ ಔಷಧಿ ಪಟ್ಟಿಗೆ ಒಪ್ಪಿರಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪ್ರತಿವಾರ ಬದಲಿಸಿದರೆ ರೋಗಿಗೆ ಯಾರ ಮೇಲೂ ನಂಬಿಕೆ ಉಳಿಯಲ್ಲ.

ಉಳಿದವರು: ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್, ಟೋಕನ್ ಮತ್ತು ರಿಜಿಸ್ಟರ್‌ಗೆ ಒಬ್ಬರು, ಸಾಲು ನೋಡಿಕೊಳ್ಳಲು ಒಬ್ಬರು, ವಾರದ ಮಧ್ಯೆ ಫೋನ್ ಮಾಡಲು ಒಬ್ಬರು. ಈ ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ. ನನ್ನ ಕೇಳಿದರೆ ಡಾಕ್ಟರ್ ಆದಮೇಲೆ ಅವರೇ ಮುಖ್ಯ, ಯಾಕೆ ಅಂತ ಹಂತ 9ರಲ್ಲಿ ಹೇಳುತ್ತೇನೆ. ಹೆಂಗಸರ ಜೊತೆ ಮಾತಾಡಲು ಒಬ್ಬ ಮಹಿಳಾ ಸ್ವಯಂಸೇವಕಿ ಇರಲೇಬೇಕು.

ಭಾಷೆ ಗಮನಿಸಿ. ರಾಯಚೂರು, ಕಲಬುರಗಿ ಕಡೆಯವರು "ಗುಳಿಗಿ" ಅಂದರೆ ಮಾತ್ರೆ, "ಬ್ಯಾನಿ" ಅಂದರೆ ಬೇನೆ, "ಸೂಜಿ ಮಾಡ್ರಿ" ಅಂದರೆ ಇಂಜೆಕ್ಷನ್ ಕೊಡಿ ಅಂತ. ಮೈಸೂರು ಕಡೆಯ ಹುಡುಗರು ಇದನ್ನು ಮೊದಲ ದಿನವೇ ಕಲಿಯಲಿ. ಹಿಂದಿ, ತೆಲುಗು ಬರುವವರು ಒಬ್ಬರಾದರೂ ಇರಲಿ.

ಹಂತ 5: ಸಲಕರಣೆ

ಪಟ್ಟಿ ಚಿಕ್ಕದು: ಎರಡು ಡಿಜಿಟಲ್ ಬಿಪಿ ಯಂತ್ರ, ದಪ್ಪ ತೋಳಿಗೆ ದೊಡ್ಡ ಕಫ್ (ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ), ಗ್ಲುಕೋಮೀಟರ್ ಮತ್ತು ಸ್ಟ್ರಿಪ್, ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ತೂಕದ ಯಂತ್ರ, ಟಾರ್ಚ್, ಡ್ರೆಸಿಂಗ್ ಸಾಮಾನು, ಸೂಜಿ ಕತ್ತರಿಸುವ ಯಂತ್ರ, ಬೀಗ ಇರುವ ಕಬ್ಬಿಣದ ಬೀರು, ಒಂದು ದಪ್ಪ ಪರದೆ.

ಪರದೆ ಬೇಡ ಅನ್ನಿಸಿದರೆ ನೆನಪಿಡಿ: ಬಿಳಿಸೆರಗು, ಗಂಡನ ಹೊಡೆತ, ಮುಟ್ಟಿನ ತೊಂದರೆ ಇದ್ಯಾವುದನ್ನೂ ಯಾರೂ ಮೂವತ್ತು ಜನರ ಮುಂದೆ ಹೇಳಲ್ಲ.

ಹಂತ 6: ಔಷಧಿ, ಜಾಸ್ತಿ ತಪ್ಪಾಗುವ ಜಾಗ

ಮನೆಮನೆಯಿಂದ ಉಳಿದ ಮಾತ್ರೆ ಸಂಗ್ರಹಿಸಬೇಡಿ. ಎಲ್ಲಿ ಇಟ್ಟಿದ್ದರೋ, ಎಷ್ಟು ಬಿಸಿಲು ಕಂಡಿದೆಯೋ ಗೊತ್ತಿಲ್ಲ. ಸ್ಯಾಂಪಲ್ ಮಾತ್ರೆಗಳನ್ನೂ ನಂಬಿಕೊಳ್ಳಬೇಡಿ. ಈ ತಿಂಗಳು ಒಂದು ಬ್ರ್ಯಾಂಡ್, ಮುಂದಿನ ತಿಂಗಳು ಇನ್ನೊಂದು ಬಣ್ಣ. ಓದಲು ಬಾರದವರು ಬಣ್ಣ ನೋಡಿಯೇ ಮಾತ್ರೆ ಗುರುತಿಸುತ್ತಾರೆ, ಬಣ್ಣ ಬದಲಾದರೆ ಎರಡನ್ನೂ ನುಂಗುತ್ತಾರೆ.

ಇಪ್ಪತ್ತು ಬಗೆ ಔಷಧಿ ಸಾಕು. ಶುಗರ್‌ಗೆ ಮೆಟ್‌ಫಾರ್ಮಿನ್ 500, ಬಿಪಿಗೆ ಆಮ್ಲೊಡಿಪಿನ್ 5, ಟೆಲ್ಮಿಸಾರ್ಟನ್ 40, ಪ್ಯಾರಾಸಿಟಮಾಲ್ 500, ಆಲ್ಬೆಂಡಜೋಲ್ 400, ಕಬ್ಬಿಣಾಂಶದ ಮಾತ್ರೆ, ಓಆರ್‌ಎಸ್, ಝಿಂಕ್, ಸೆಟ್ರಿಜಿನ್, ಸಿಮೆಂಟ್‌ನಿಂದ ಸೀಳಿದ ಕೈಗೆ ಮುಲಾಮು, ಹೀಗೆ. ಜನೌಷಧಿ ಕೇಂದ್ರದಿಂದ ಬಿಲ್ ಸಮೇತ ಕೊಳ್ಳಿ, ಬಿಲ್ ಫೈಲ್ ಮಾಡಿ. ವೈದ್ಯರು ತಾವು ನೋಡಿದ ರೋಗಿಗೆ ಔಷಧಿ ಕೊಡುವುದು ಬೇರೆ. ಮೇಜು ಹಾಕಿ ಕೇಳಿದವರಿಗೆಲ್ಲ ಹಂಚಿದರೆ ಅದು ಲೈಸೆನ್ಸ್ ಇಲ್ಲದ ಔಷಧಿ ಅಂಗಡಿ ಆಗುತ್ತದೆ. ವೈದ್ಯರ ಸಹಿ ಇಲ್ಲದ ಚೀಟಿಗೆ ಒಂದು ಮಾತ್ರೆಯೂ ಹೋಗಬಾರದು.

ಈಗ ಒಂದು ಚಿಕ್ಕ ತಪ್ಪು ಹೇಳುತ್ತೇನೆ, ಬಹಳ ಕಡೆ ನೋಡಿದ್ದೇನೆ. ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ಆರು ಕೊಡಬೇಕಾದಾಗ ಕತ್ತರಿಯಿಂದ ಕತ್ತರಿಸುತ್ತಾರೆ. ಎಕ್ಸ್‌ಪೈರಿ ಮತ್ತು ಹೆಸರು ಅಚ್ಚಾಗಿರುವ ತುದಿ ಒಬ್ಬರಿಗೆ ಹೋಗುತ್ತದೆ, ಇನ್ನೊಬ್ಬರ ಕೈಲಿ ಬರೀ ಬೆಳ್ಳಿ ಹಾಳೆಯ ತುಂಡು. ಒಬ್ಬ ಅಮ್ಮ ಸೆರಗಿನ ಗಂಟು ಬಿಚ್ಚಿ ಅಂಥ ಮೂರು ತುಂಡು ನನ್ನ ಮುಂದೆ ಇಟ್ಟು, "ಇದ್ರಾಗ ಬಿಪಿದು ಯಾವ್ದು ಯಪ್ಪಾ?" ಅಂತ ಕೇಳಿದರು. ಮೂರರಲ್ಲಿ ಎರಡರ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಅವತ್ತಿನಿಂದ ನಾವು ಇಡೀ ಸ್ಟ್ರಿಪ್ ಮಾತ್ರ ಕೊಡುತ್ತೇವೆ, 30 ದಿನದ್ದು, ಕಾಗದದ ಲಕೋಟೆಯಲ್ಲಿ ಹಾಕಿ. ಲಕೋಟೆ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಊಟಕ್ಕೆ ತಟ್ಟೆಯ ಚಿತ್ರ.

ನೆನಪಿಡಬೇಕಾದ ಬೇರೆ ಮಾತು:

- ಬೇಗ ಎಕ್ಸ್‌ಪೈರಿ ಆಗುವುದು ಮುಂದೆ, ತಡವಾಗಿ ಆಗುವುದು ಹಿಂದೆ ಜೋಡಿಸಿ. ತಿಂಗಳಿಗೊಮ್ಮೆ ಎಣಿಸಿ.
- ಟೆಲ್ಮಿಸಾರ್ಟನ್ ಗರ್ಭಿಣಿಯರಿಗೆ ಆಗಬಾರದು. ಮಗು ಆಗುವ ವಯಸ್ಸಿನ ಪ್ರತಿ ಹೆಂಗಸಿಗೂ ಕೊನೆಯ ಮುಟ್ಟು ಯಾವಾಗ ಅಂತ ಕೇಳಿಯೇ ಕೊಡಿ.
- ಮೈಕೈ ನೋವು ಅಂದವರಿಗೆಲ್ಲ ನೋವಿನ ಮಾತ್ರೆ ಹಂಚಬೇಡಿ. ಡೈಕ್ಲೊಫೆನಾಕ್‌ನಂಥವು ಬಿಪಿ ಏರಿಸುತ್ತವೆ, ಕಿಡ್ನಿಗೂ ಹೊಡೆತ.
- ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಸುರಿದು ಕುಡಿಸುವವರು ಇದ್ದಾರೆ, ಒಂದು ಲೀಟರ್ ಬಾಟಲಿ ತೋರಿಸಿ ಹೇಳಿ.
- ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಂಬಿಕಸ್ತ ಫ್ರಿಜ್ ಇಲ್ಲದಿದ್ದರೆ ಇಡಲೇಬೇಡಿ, ಅವರನ್ನು ಆರೋಗ್ಯ ಕೇಂದ್ರಕ್ಕೆ ಜೋಡಿಸಿ.

ನಮ್ಮಿಂದ ಆದ ಒಂದು ತಪ್ಪು ಹೇಳಲೇಬೇಕು. ಶುಗರ್ ಇದ್ದ ಒಬ್ಬ ಹೆಂಗಸಿಗೆ ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ಶುರು ಮಾಡಿದೆವು. ಶ್ರಾವಣ ಸೋಮವಾರ ಆಕೆ ಉಪವಾಸ ಇದ್ದರು, ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಮಧ್ಯಾಹ್ನ ಶುಗರ್ ತೀರಾ ಇಳಿದು, ಬೆವತು, ಕೈ ನಡುಗಿ ಕುಸಿದು ಬಿದ್ದರು. ಪಕ್ಕದ ಶೆಡ್‌ನವರು ಸಕ್ಕರೆ ನೀರು ಕುಡಿಸಿದ್ದರಿಂದ ಉಳಿದರು. ನಾವು ಉಪವಾಸದ ಬಗ್ಗೆ ಕೇಳಿಯೇ ಇರಲಿಲ್ಲ. ಈಗ ನಮ್ಮ ಚೀಟಿಯಲ್ಲಿ "ಉಪವಾಸ ಯಾವ ದಿನ?" ಅಂತ ಅಚ್ಚು ಹಾಕಿಸಿದ್ದೇವೆ. ನೀವೂ ಹಾಕಿಸಿ. ರಂಜಾನ್ ತಿಂಗಳಿಗೂ ಇದೇ ಪ್ರಶ್ನೆ.

ಹಂತ 7: ಭಾನುವಾರದ ಬೆಳಗ್ಗೆ

ಶನಿವಾರ ಸಂಜೆ ಬಟವಾಡೆ, ಭಾನುವಾರ ಹನ್ನೊಂದರ ಮೇಲೆ ಸಂತೆ. ಹಾಗಾಗಿ ಎಂಟು ಗಂಟೆಗೆ ಬಾಗಿಲು ತೆರೆದರೆ ಜನ ಸಿಗುತ್ತಾರೆ. ಹತ್ತೂವರೆಗೆ ತೆರೆದರೆ ಖಾಲಿ ಕುರ್ಚಿ.

1. ಟೋಕನ್. ಮೊದಮೊದಲು 30ಕ್ಕಿಂತ ಜಾಸ್ತಿ ಕೊಡಬೇಡಿ. ಸಾಲಿನಲ್ಲಿ ಜ್ವರದ ಮಗು, ಉಬ್ಬಸ ಇರುವವರು, ಗರ್ಭಿಣಿ ಕಂಡರೆ ಟೋಕನ್ ನೋಡದೆ ಒಳಗೆ ಕಳಿಸಿ.

2. ಕೂರಿಸಿ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ, ಕಾಲು ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ. ಅರ್ಧ ಗಂಟೆ ಒಳಗೆ ಚಹಾ ಕುಡಿದಿದ್ದರೆ, ಬೀಡಿ ಸೇದಿದ್ದರೆ, ತಂಬಾಕು ಹಾಕಿದ್ದರೆ ಕಾಯಿಸಿ. ರವಿಕೆ ತೋಳಿನ ಮೇಲೆ ಕಫ್ ಕಟ್ಟಬೇಡಿ. ಅಳತೆ ನಡೆಯುವಾಗ ಮಾತಾಡಿಸಬೇಡಿ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. ಒಂದೇ ದಿನದ 140/90 ನೋಡಿ ಜೀವನಪೂರ್ತಿ ಮಾತ್ರೆ ಹಚ್ಚುವುದು ಸರಿಯಲ್ಲ, ಇನ್ನೊಂದು ದಿನ ಕರೆಸಿ ನೋಡಬೇಕು.

3. ಶುಗರ್. ಮೊದಲು ಕೈ ತೊಳೆದು ಒರೆಸಿ. ಬಾಳೆಹಣ್ಣು ತಿಂದ ಬೆರಳಿನಲ್ಲಿ ಶುಗರ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಒಬ್ಬರಿಗೆ ಚುಚ್ಚಿದ ಲ್ಯಾನ್ಸೆಟ್ ಇನ್ನೊಬ್ಬರಿಗೆ ಯಾವ ಕಾರಣಕ್ಕೂ ಬೇಡ. ಸ್ಟ್ರಿಪ್ ಡಬ್ಬಿ ತೆರೆದ ದಿನಾಂಕ ಅದರ ಮೇಲೇ ಬರೆಯಿರಿ, ಮುಚ್ಚಳ ತೆರೆದಿಡಬೇಡಿ. ಖಾಲಿ ಹೊಟ್ಟೆಯದ್ದಾ, ಊಟ ಆದಮೇಲಿನದ್ದಾ ಅಂತ ಬರೆಯದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಲ್ಯಾಬ್ ಪರೀಕ್ಷೆಗೆ ಕಳಿಸಿ.

4. ಡಾಕ್ಟರ್. ಪರದೆಯ ಒಳಗೆ ಒಮ್ಮೆಗೆ ಒಬ್ಬರೇ.

5. ಔಷಧಿ. ಕೊಟ್ಟ ಮೇಲೆ "ಈಗ ನೀವು ಹೇಳಿ, ಯಾವುದು ಯಾವಾಗ?" ಅಂತ ಕೇಳಿ. ಅವರ ಬಾಯಲ್ಲಿ ಸರಿಯಾಗಿ ಬಂದ ಮೇಲೆ ಕಳಿಸಿ.

6. ಹೊರಗೆ ಹೋಗುವಾಗ ಮುಂದಿನ ದಿನಾಂಕ. ಇದನ್ನು ಬರೆಯದೆ ಯಾರೂ ಬಾಗಿಲು ದಾಟಬಾರದು.

ಇಡೀ ಬೆಳಗ್ಗೆ ಫೋಟೊ ಇಲ್ಲ. ದುಡ್ಡು ಕೊಟ್ಟವರು ಕೇಳುತ್ತಾರೆ, ಖಾಲಿ ಬೆಂಚಿನ ಫೋಟೊ ಕಳಿಸಿ. ಕಾಯಿಲೆಯವರ ಮುಖ ಕಳಿಸಬೇಡಿ.

ಹಂತ 8: ಕೂಡಲೇ ಕಳಿಸಬೇಕಾದ ಲಕ್ಷಣಗಳು

ಇದನ್ನು ಸಾಲು ನೋಡಿಕೊಳ್ಳುವ ಹುಡುಗನೂ ಬಾಯಿಪಾಠ ಮಾಡಿರಬೇಕು, ಯಾಕೆಂದರೆ ಮೊದಲು ನೋಡುವವನು ಅವನೇ.

- ಎದೆ ಹಿಂಡಿದಂತೆ ನೋವು, ಬೆವರು, ಎಡತೋಳಿಗೆ ಅಥವಾ ದವಡೆಗೆ ಹರಿಯುವ ನೋವು: 108. "ಗ್ಯಾಸ್ಟ್ರಿಕ್ ಇರಬಹುದು" ಅಂತ ಕಾಯಬೇಡಿ.
- ಬಾಯಿ ಸೊಟ್ಟ, ಒಂದು ಕೈ ಸೋಲುವುದು, ಮಾತು ತೊದಲುವುದು: 108. ಶುರುವಾದ ಗಂಟೆ ಬರೆದು ಕಳಿಸಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.
- ಬಿಪಿ 180/120 ದಾಟಿ, ಜೊತೆಗೆ ಉಬ್ಬಸ, ಎದೆನೋವು, ಕಣ್ಣು ಮಂಜು ಇದ್ದರೆ 108. ಬೇರೆ ತೊಂದರೆ ಇಲ್ಲದಿದ್ದರೆ ಕೂರಿಸಿ ಮತ್ತೆ ಅಳೆದು ಡಾಕ್ಟರ್‌ಗೆ ತೋರಿಸಿ. ನಾಲಿಗೆ ಕೆಳಗೆ ಮಾತ್ರೆ ಇಟ್ಟು ಬಿಪಿ ಸರ್ರನೆ ಇಳಿಸುವ ಹಳೇ ಅಭ್ಯಾಸ ಅಪಾಯ.
- ಗರ್ಭಿಣಿಗೆ 140/90 ಅಥವಾ ಹೆಚ್ಚು, ತಲೆನೋವು, ಮುಖ ಊತ: ಅದೇ ದಿನ ಆಸ್ಪತ್ರೆ. ಸೋಮವಾರದವರೆಗೆ ಬೇಡ.
- ಶುಗರ್ 70ಕ್ಕಿಂತ ಕಡಿಮೆ, ಎಚ್ಚರ ಇದ್ದಾರೆ: ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108.
- ಎರಡು ವಾರ ದಾಟಿದ ಕೆಮ್ಮು: ಕಫ ಪರೀಕ್ಷೆ. ಸರ್ಕಾರಿ ಕೇಂದ್ರದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಅಷ್ಟರಲ್ಲಿ ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಕೊಟ್ಟರೆ ಟಿಬಿ ಮರೆಯಾಗಿ ಪತ್ತೆ ತಡವಾಗುತ್ತದೆ. ಕಲ್ಲು, ಟೈಲ್ಸ್ ಕತ್ತರಿಸುವವರಾದರೆ ಆ ಕೆಲಸ ಎಷ್ಟು ವರ್ಷದಿಂದ ಅಂತಲೂ ಬರೆಯಿರಿ, ಆ ಧೂಳಿನಿಂದಲೇ ಶ್ವಾಸಕೋಶ ಕೆಡುತ್ತದೆ.

ಹಂತ 9: ಎರಡನೇ ಭೇಟಿ

ಎರಡು ಪ್ರತಿ ಇಡಿ. ಒಂದು ನಿಮ್ಮ ರಿಜಿಸ್ಟರ್, ಇನ್ನೊಂದು ರೋಗಿಯ ಕೈಲಿರುವ ದಪ್ಪ ಕಾರ್ಡ್. ಕಾರ್ಡನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊಡಿ. ಶೆಡ್‌ನಲ್ಲಿ ಮಳೆ ನೀರು ಬರುತ್ತದೆ, ಕಾಗದ ಒಂದು ವಾರ ಉಳಿಯಲ್ಲ. ಕಾರ್ಡ್‌ನಲ್ಲಿ ಕಾಯಿಲೆ, ಮಾತ್ರೆಯ ಹೆಸರು, ಪ್ರಮಾಣ, ಅವತ್ತಿನ ಅಂಕಿ ಇರಲಿ. ಅವರು ಕೆಲಸ ಮುಗಿಸಿ ಊರಿಗೆ ಹೋದರೆ ಅಲ್ಲಿನ ಡಾಕ್ಟರ್‌ಗೆ ಅದೇ ದಾರಿ. ಆದರೆ ಎಚ್‌ಐವಿ, ಮನೆಯ ಹೊಡೆತದಂಥ ವಿಷಯ ಕಾರ್ಡ್‌ನಲ್ಲಿ ಬೇಡ, ಮೇಸ್ತ್ರಿಯ ಕೈಗೂ ಆ ಕಾರ್ಡ್ ಹೋಗಬಹುದು.

ಫೋನ್ ಮಾಡುವವರ ಕೆಲಸ ಬುಧವಾರ ಸಂಜೆ ಏಳರ ಮೇಲೆ. ಹಗಲಲ್ಲಿ ಯಾರೂ ಎತ್ತಲ್ಲ. ಮೂರು ಪಟ್ಟಿ ಇಟ್ಟುಕೊಳ್ಳಿ: ದಿನಾಂಕಕ್ಕೆ ಬಾರದವರು, ಆಸ್ಪತ್ರೆಗೆ ಕಳಿಸಿದವರು, ಹೊಸದಾಗಿ ಮಾತ್ರೆ ಶುರುವಾದವರು. "ಯಾಕೆ ಬರಲಿಲ್ಲ?" ಅಂತ ಗದರಬೇಡಿ. "ಅಕ್ಕಾ, ಗುಳಿಗಿ ಇನ್ನೂ ಅದಾವೇನ್ರೀ?" ಅಂತ ಕೇಳಿದರೆ ನಿಜ ಹೇಳುತ್ತಾರೆ. ಬಿಪಿ ಇಳಿಯಿತು ಅಂತ ಮಾತ್ರೆ ಬಿಟ್ಟವರು ನಮಗೆ ಸಿಕ್ಕಿದ್ದೆಲ್ಲ ಈ ಫೋನ್‌ನಲ್ಲೇ.

ಆರು ತಿಂಗಳಲ್ಲಿ ಬಿಪಿ, ಶುಗರ್ ರೋಗಿಗಳನ್ನು ಒಬ್ಬೊಬ್ಬರಾಗಿ ಆರೋಗ್ಯ ಕೇಂದ್ರದ ಉಚಿತ ಮಾತ್ರೆಗೆ ಜೋಡಿಸುತ್ತ ಹೋಗಿ. ಅವರು ನಿಮ್ಮಲ್ಲಿಗೆ ಬರುವುದು ಕಡಿಮೆಯಾದರೆ ಬೇಸರ ಬೇಡ.

ಹಂತ 10: ಬಾಗಿಲು ಹಾಕುವ ಮುಂಚೆ

ಸೂಜಿ, ಲ್ಯಾನ್ಸೆಟ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ. ಗ್ಲೌಸ್, ಪ್ಲಾಸ್ಟಿಕ್ ಕೆಂಪಿಗೆ. ಗಾಜಿನ ಬಾಟಲಿ ನೀಲಿಗೆ. 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ತ್ಯಾಜ್ಯ ಒಯ್ಯುವವರ ಗಾಡಿ ಸೋಮವಾರ ಬರುವಂತೆ ಮೊದಲೇ ಮಾತಾಡಿ. ಪೌರಕಾರ್ಮಿಕರ ಗಾಡಿಗೆ ಒಂದು ಲ್ಯಾನ್ಸೆಟ್ ಹೋದರೂ ಅದು ಅವರ ಬರಿಗೈಗೆ ಚುಚ್ಚುತ್ತದೆ.

ಆಮೇಲೆ ಹತ್ತು ನಿಮಿಷ ಎಲ್ಲರೂ ನಿಂತು ಮಾತಾಡಿ. ಇವತ್ತು ಏನು ತಪ್ಪಿತು, ಯಾವ ಮಾತ್ರೆ ಮುಗಿಯುತ್ತಿದೆ, ಯಾರಿಗೆ ಬುಧವಾರ ಫೋನ್ ಮಾಡಬೇಕು.

ಹದಗೆಡುತ್ತಿದೆ ಅನ್ನುವುದಕ್ಕೆ ಗುರುತುಗಳು

ಹೊಸ ಟೋಕನ್ ಜಾಸ್ತಿಯಾಗುತ್ತ ಹಳೇ ಕಾರ್ಡ್ ಕಡಿಮೆಯಾದರೆ ನೀವು ಮತ್ತೆ ಶಿಬಿರ ನಡೆಸುತ್ತಿದ್ದೀರಿ ಅಂತ ಅರ್ಥ. ಟೋಕನ್ ಅರ್ಧಕ್ಕೆ ಇಳಿಸಿ, ಫೋನ್ ಮಾಡುವವರನ್ನು ಇಬ್ಬರು ಮಾಡಿ.

ಜನ "ಸೂಜಿ ಮಾಡ್ರಿ" ಅಂತ ಹಟ ಹಿಡಿದಾಗ ಡಾಕ್ಟರ್ ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸತೊಡಗಿದರೆ ಅದೇ ದಿನ ನಿಲ್ಲಿಸಿ. ಮುಂದಿನ ವಾರ ಸಾಲಿನಲ್ಲಿರುವವರೆಲ್ಲ ಅದನ್ನೇ ಕೇಳುತ್ತಾರೆ.

ರಿಜಿಸ್ಟರ್‌ನಲ್ಲಿ ಅಂಕಿಗಳು ಎಲ್ಲರಿಗೂ 130/80, 120/80 ಅಂತ ಸೊನ್ನೆಗೇ ಮುಗಿಯತೊಡಗಿದರೆ ಯಾರೋ ಅಂದಾಜಿನಲ್ಲಿ ಬರೆಯುತ್ತಿದ್ದಾರೆ. ಬೈಯಬೇಡಿ, ಸುಸ್ತಾಗಿರುತ್ತಾರೆ. ಅವರನ್ನು ಎರಡು ವಾರ ಟೋಕನ್ ಕಡೆಗೆ ಹಾಕಿ, ಬಿಪಿ ಮೇಜಿಗೆ ಬೇರೆಯವರನ್ನು ಕೂರಿಸಿ.

ಡಾಕ್ಟರ್ ಬರದ ಭಾನುವಾರವೂ ಬಾಗಿಲು ತೆಗೆಯಿರಿ. ಹೊಸ ಮಾತ್ರೆ ಕೊಡಬೇಡಿ, ಬಿಪಿ ನೋಡಿ ಬರೆಯಿರಿ, ಕಾರ್ಡ್ ನೋಡಿ ಆರೋಗ್ಯ ಕೇಂದ್ರದ ಚೀಟಿ ಬರೆದು ಕೊಡಿ. ಒಂದು ವಾರ ಬೀಗ ಕಂಡು ವಾಪಸ್ ಹೋದವರನ್ನು ಮತ್ತೆ ಕರೆತರಲು ನಮಗೆ ಎರಡು ತಿಂಗಳು ಹಿಡಿದಿದೆ.